ಹಿಂದಿನ ಬೆಳಕು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂಬದಿ
ನನ್ನ ಅಂಗಡಿಗೆ ಬೋರ್ಡಿಲ್ಲ.
ಬಾಗಿಲಲ್ಲಿ ಒಂದು ಸತ್ತ ಟಿವಿ ಇಟ್ಟಿದ್ದೇನೆ,
ಅದೇ ಬೋರ್ಡು.

'ಎಷ್ಟು ವರ್ಷ ಬಾಳುತ್ತೆ ಇದು, ದಸ್ತಗೀರ್?'
ಹೊಸತು ಕೊಂಡವರು ಕೇಳುತ್ತಾರೆ
ಎಳೆಗೂಸಿನ ಜಾತಕ ಕೇಳಿದ ಹಾಗೆ.
ಏನು ಹೇಳಲಿ.
ಡೊಳ್ಳುಹೊಟ್ಟೆಯ ಹಳೇ ಪೆಟ್ಟಿಗೆ
ಇಪ್ಪತ್ತು ವರ್ಷ ನಡೆದದ್ದು ಕಂಡಿದ್ದೇನೆ.
ಕೊನೆಕೊನೆಗೆ ಮುಖ ತೋರಿಸಲು ಐದು ನಿಮಿಷ:
ಮೊದಲು ಮಾತು, ಆಮೇಲೆ ಆಕಾರ, ಬಣ್ಣ ಬಂದರೆ ಬಂತು.
ಟ್ಯೂಬಿಗೆ ಒಂದೆರಡು ವೋಲ್ಟ್ ಹೆಚ್ಚಿಗೆ ಕುಡಿಸಿ
ಇನ್ನಾರು ತಿಂಗಳು ಎಬ್ಬಿಸಿ ಕೂರಿಸಿದ್ದೇನೆ.

ಆರಿಸಿದ ಮೇಲೂ ಅದರೊಳಗೆ ಸಿಟ್ಟು ಇರುತ್ತದೆ.
'ವೈರು ಕಿತ್ತ ಮಾತ್ರಕ್ಕೆ ಸತ್ತಿತು ಅಂದ್ಕೋಬೇಡ'
ಮೊದಲ ದಿನವೇ ಹೇಳಿದ್ದರು ಉಸ್ತಾದ್ ಬುಡೇನ್ ಸಾಬರು.
ನಾನು ಅಂದುಕೊಂಡೆ.
ಗೋಡೆಯ ತನಕ ಹೋಗಿ ಬಿದ್ದೆ. ಗೋಡೆಯಲ್ಲಿ ಮೊಳೆ ಇತ್ತು.

ಪ್ಲಾಸ್ಮಾ ನನ್ನ ಕೈಗೆ ಬಂದದ್ದು ಒಂದೇ ಒಂದು,
ನೂಲಿನ ಮಂಡಿಯ ಅಶ್ವತ್ಥಶೆಟ್ಟರದು.
ಹೊರಲು ಇಬ್ಬರು ಆಳು ಬೇಕು;
ಧನುರ್ಮಾಸದ ಚಳಿಗೆ ಬೆಕ್ಕು ಅದರಡಿ ಮಲಗುತ್ತಿತ್ತು.
ಬೆಳಗಿಂದ ಸಂಜೆವರೆಗೆ ಅದರ ಮೇಲೆ ರೇಷ್ಮೆ ದರದ ಪಟ್ಟಿ.
ನಾಲ್ಕು ವರ್ಷಕ್ಕೆ ಗಾಜು ಅದನ್ನು ಬಾಯಿಪಾಠ ಮಾಡಿಬಿಟ್ಟಿತು.
ಮಗಳ ಮದುವೆಯ ವಿಡಿಯೋ ಹಾಕಿದರೆ
ಮದುಮಗಳ ಹಣೆಯ ಮೇಲೆ, ಬಾಸಿಂಗದ ಕೆಳಗೆ,
ಮಸುಕಾಗಿ: 'ಕೆ.ಜಿ.ಗೆ'.
'ಅಳಿಸಯ್ಯಾ' ಅಂದರು ಶೆಟ್ಟರು.
ಅಳಿಸುವುದು ನನಗೆ ಬರುವುದಿಲ್ಲ.

ನೂಲು ತೆಗೆಯುವ ಮನೆಗಳದು ಬೇರೆಯೇ ಕಾಯಿಲೆ.
ಗೂಡು ಬೇಯಿಸಿದ ಹಬೆ, ಹುಳುವಿನ ಜಿಡ್ಡು,
ಹಿಂದಿನ ತೂತುಗಳಲ್ಲಿ ಜಿರಲೆಯ ಸಂಸಾರ.
ಒಣಬಟ್ಟೆಯಲ್ಲಿ ಒರೆಸಿ ಅಂತೀನಿ,
ಸೀಮೆಎಣ್ಣೆ ಹಚ್ಚಿ ತರುತ್ತಾರೆ.
ಬೆಳಕು ಒಂದಿಷ್ಟು ತಗ್ಗಿಸಿಟ್ಟುಕೊಳ್ಳಿ, ಆಯಸ್ಸು ಹೆಚ್ಚುತ್ತೆ ಅಂತೀನಿ.
ಕೊಟ್ಟ ದುಡ್ಡಿಗೆ ಯಾರು ತಗ್ಗಿಸುತ್ತಾರೆ?

ಈಗ ಬಂದಿದೆ ಒಎಲ್ಇಡಿ, ಹಪ್ಪಳದಷ್ಟು ತೆಳು.
ಅದರಲ್ಲಿ ನೀಲಿ ಮೊದಲು ಮುಪ್ಪಾಗುತ್ತದೆ.
ಮನೆಯವರೆಲ್ಲ ಮಲಗಿದ ಮೇಲೆ
ಅದು ತನ್ನ ಮುಖ ತಾನೇ ತೊಳೆದುಕೊಳ್ಳುತ್ತದೆ,
ಗೋಡೆಯ ಸ್ವಿಚ್ಚು ಆರಿಸಬಾರದು.
ನಮ್ಮ ಕಡೆ ಸ್ವಿಚ್ಚು ಆರಿಸದೆ ಯಾರಿಗೆ ನಿದ್ದೆ ಬರುತ್ತೆ?

ಅಕ್ಕಾಯಮ್ಮ ಬಂದದ್ದು ಹೋದ ಶನಿವಾರ,
ಆಟೋದಲ್ಲಿ, ತೊಡೆಯ ಮೇಲೆ ಮೂವತ್ತೆರಡಿಂಚಿನ ಎಲ್ಇಡಿ.
ಬಿಸಿನೀರಲ್ಲಿ ಬೆಂದು ಬೆಂದು ಬಿಳಿಚಿದ ಬೆರಳು.
'ಮೂರು ತಿಂಗಳಾಯ್ತು. ಮಾತೈತೆ, ಮುಖ ಇಲ್ಲ.
ರೇಡಿಯೋ ಮಾಡ್ಕೊಂಡು ಕೇಳ್ತಾ ಇದೀನಿ.'

ಟಿವಿ ಹಚ್ಚಿದೆ. ಕತ್ತಲು.
ಗಾಜಿಗೆ ಟಾರ್ಚು ಓರೆಯಾಗಿ ಹಿಡಿದೆ:
ರೊಟ್ಟಿಯಗಲದ ಬೆಳಕಿನಲ್ಲಿ
ಒಬ್ಬ ಹೆಂಗಸಿನ ಕಿವಿ, ಓಲೆ, ಆಮೇಲೆ ಕಣ್ಣು.
'ಅಯ್ಯೋ, ಇಲ್ಲೇ ಅವಳಲ್ಲ!' ಅಂದಳು ಅಕ್ಕಾಯಮ್ಮ.

ಚಿತ್ರ ಎಲ್ಲೂ ಹೋಗಿಲ್ಲ, ಹಿಂದಿನ ಬೆಳಕು ಹೋಗಿದೆ, ಅಂದೆ.
ಸಾಲಾಗಿ ಪೋಣಿಸಿದ ದೀಪ,
ಒಂದು ಸತ್ತರೆ ಸಾಲೆಲ್ಲ ಕತ್ತಲು.
'ನಮ್ಮಲ್ಲಿ ಎಳೆ ಹರಿದ್ರೆ
ರಾಟೆ ತಿರುಗ್ತಿರೋ ಹಾಗೇನೇ ಇನ್ನೊಂದು ಎಸೀತೀವಪ್ಪ.'
ಇದಕ್ಕೆ ಆ ಬೆರಳಿಲ್ಲ, ಅಮ್ಮ.

'ಎಷ್ಟಾಗುತ್ತೆ?'
ಹದಿನಾಲ್ಕು ನೂರು.
ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು.
ಪರದೆ ನೋಡಿದಳು, ನನ್ನ ಕೈ ನೋಡಿದಳು.
'ಈ ಬ್ಯಾಟ್ರಿ ಎಷ್ಟು?'

ಮೊನ್ನೆ ರಾತ್ರಿ ನಮಾಜು ಮುಗಿಸಿ
ಅವಳ ಬೀದಿಯಲ್ಲೇ ಹಾದು ಬಂದೆ.
ಕಿಟಕಿ ತೆರೆದಿತ್ತು. ಒಳಗೆ
ಆ ರೊಟ್ಟಿಯಗಲದ ಬೆಳಕು
ಯಾರು ಮಾತಾಡಿದರೆ ಅವರ ಕಡೆ ಓಡುತ್ತಿತ್ತು,
ತಡವಾದರೆ ತಡಕಾಡುತ್ತಿತ್ತು.
ಯಾರೋ ಅಳತೊಡಗಿದರು.
ಅಲ್ಲಿ ಸ್ವಲ್ಪ ಹೊತ್ತು ನಿಂತಿತು.